ನಿತ್ಯಗತಾಗತವೂ ಪ್ರಯಾಣವರ್ಣನೆಯೂ: ಬೈತಖೋಲದ ದಾರಿಯನ್ನು ಕುರಿತ ಒಂದು ವಿಚಾರ

೧

ಮಹಾಕಾವ್ಯಕ್ಕೆ ಅಂಗಗಳಾದ ವರ್ಣನೆಗಳನ್ನು ಎಣಿಸುವಾಗ ದಂಡಿಯು ನಗರ, ಸಮುದ್ರ, ಪರ್ವತ ಎಂಬ ಮೂರನ್ನು ಮೊದಲಿಗೆ ಇಟ್ಟು, ಋತುಗಳನ್ನೂ ಚಂದ್ರಸೂರ್ಯರ ಉದಯವನ್ನೂ ಅನಂತರ ಹೇಳಿ, ಕಡೆಯಲ್ಲಿ ಮಂತ್ರಾಲೋಚನೆ, ದೂತಪ್ರೇಷಣ, ಪ್ರಯಾಣ, ಯುದ್ಧ, ನಾಯಕನ ಅಭ್ಯುದಯ ಎಂಬಿವನ್ನು ಸೇರಿಸಿದ್ದಾನೆ. ಈ ಕ್ರಮದಲ್ಲಿ ಪ್ರಯಾಣಕ್ಕೆ ಹಿಂದೆ ದೂತನೂ ಮುಂದೆ ಯುದ್ಧವೂ ನಿಂತಿರುವುದನ್ನು ಗಮನಿಸತಕ್ಕದ್ದು. ಆಲಂಕಾರಿಕರ ದೃಷ್ಟಿಯಲ್ಲಿ ಪ್ರಯಾಣವೆಂದರೆ ಸೇನೆಯ ಹೊರಡುವಿಕೆ. ಅದರ ಫಲವಿರುವುದು ದಾರಿಯ ಆಚೆಯ ತುದಿಯಲ್ಲಿ. ಬೆಳಗ್ಗೆ ಮನೆಯಿಂದ ಹೊರಟು ಪೇಟೆಗೆ ಹೋಗಿ, ಸಂಜೆ ಅದೇ ದಾರಿಯಿಂದ ಅದೇ ಮನೆಗೆ ಮರಳುವವನ ಗತಿಗೆ ಆ ಎಣಿಕೆಯಲ್ಲಿ ಹೆಸರಿಲ್ಲ.

ಕನ್ನಡದ ಕವಿಗಳು ಈ ಅಷ್ಟಾದಶವರ್ಣನೆಗಳನ್ನು ಆದರದಿಂದ ಸ್ವೀಕರಿಸಿದರು. ಈಗ ಮಹಾಕಾವ್ಯದ ಕಾಲ ಕಳೆದು ಕಥೆ ಕಾದಂಬರಿಗಳ ಕಾಲ ಬಂದಿದೆ, ರಾಜರಿಲ್ಲ, ದಂಡಯಾತ್ರೆಗಳಿಲ್ಲ. ಆದರೆ ಪ್ರಯಾಣವೆಂದರೆ ದೂರದ್ದು, ಅಪೂರ್ವವಾದದ್ದು, ಒಂದು ಸಲದ್ದು ಎಂಬ ಹಳೆಯ ಸಂಸ್ಕಾರವು ಮಾತ್ರ ಉಳಿದುಕೊಂಡಿದೆ. ಪ್ರವಾಸಕಥನವೆಂಬ ಹೆಸರಿನಿಂದ ಪ್ರಕಟವಾಗುವ ಗ್ರಂಥಗಳನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಹೀಗಿರಲು, ನಿತ್ಯದ ಹೋಗಿಬರುವಿಕೆಯು ವರ್ಣನೆಗೆ ಅನರ್ಹವೆಂದು ಬಿಟ್ಟುಹೋಯಿತೆ, ಅಥವಾ ಅದನ್ನು ಅಳೆಯುವ ಕೋಲನ್ನು ವಿಮರ್ಶಕರು ಕೈಗೆ ಎತ್ತಿಕೊಳ್ಳದೆ ಇದ್ದುದರಿಂದ ಬಿಟ್ಟುಹೋಯಿತೆ ಎಂಬ ಪ್ರಶ್ನೆ ಏಳುತ್ತದೆ. ಎರಡನೆಯದೇ ಕಾರಣವೆಂದೂ, ಆ ಕೋಲು ಪ್ರಾಚೀನ ಶಾಸ್ತ್ರದಲ್ಲಿಯೇ ಇದೆಯೆಂದೂ ಸಾಧಿಸುವುದು ಈ ಲೇಖನದ ಉದ್ದೇಶ. ಸಾಧನೆಗೆ ಉದಾಹರಣೆಯಾಗಿ ಉತ್ತರ ಕನ್ನಡದ ಒಂದು ಸಣ್ಣ ದಾರಿಯನ್ನು, ಬೈತಖೋಲದಿಂದ ಕಾರವಾರದ ಪೇಟೆಗೆ ಹೋಗುವ ದಾರಿಯನ್ನು, ಆರಿಸಿಕೊಳ್ಳಲಾಗಿದೆ.

೨

ಕಾರವಾರದ ಪೇಟೆಯಿಂದ ದಕ್ಷಿಣಕ್ಕೆ ಕಡಲ ಅಂಚನ್ನು ಹಿಡಿದು ಹೋದರೆ, ಗುಡ್ಡವು ಸಮುದ್ರದೊಳಕ್ಕೆ ಚಾಚಿದ ಎಡೆಯಲ್ಲಿ ಬೈತಖೋಲವಿದೆ. ಒಂದು ಪಕ್ಕಕ್ಕೆ ವಾಣಿಜ್ಯದ ಬಂದರು, ಅದರ ಬಳಿಯಲ್ಲಿ ಮೀನುಗಾರಿಕೆಯ ಬಂದರು, ಬೆನ್ನಿಗೆ ಗುಡ್ಡ. ಗುಡ್ಡದ ಆಚೆಗೆ ಬಿಣಗಾ, ಅರ್ಗಾ, ಚೆಂಡಿಯಾ, ತೋಡೂರು, ಅಮದಳ್ಳಿಗಳು. ಅವುಗಳನ್ನು ದಾಟಿ ಅಂಕೋಲೆ. ದಂಡಿಯ ಎಣಿಕೆಯ ಮೊದಲ ಮೂರು ವಸ್ತುಗಳಾದ ನಗರ, ಅರ್ಣವ, ಶೈಲಗಳು ಇಲ್ಲಿ ಕೆಲವೇ ಕಿಲೋಮೀಟರುಗಳೊಳಗೆ ಒಂದನ್ನೊಂದು ಮುಟ್ಟಿಕೊಂಡಿವೆ. ಸ್ಥಳದ ಹೆಸರಿಗೆ ಅರಬ್ಬೀ ಮೂಲವನ್ನು ಕಲ್ಪಿಸಿ ‘ಕ್ಷೇಮದ ಕೊಲ್ಲಿ’ ಎಂದು ಅರ್ಥ ಹೇಳುವುದುಂಟು. ‘ಖೋಲ’ ಎಂಬುದಕ್ಕೆ ಮರಾಠಿ ಕೊಂಕಣಿಗಳಲ್ಲಿ ಆಳವೆಂಬ ಅರ್ಥವಿರುವುದನ್ನೂ ನಿರುಕ್ತಿಯ ವಿಚಾರ ಮಾಡುವವರು ನೆನೆಯಬೇಕು.

ಪೇಟೆಗೂ ಈ ಹೊರಕೇರಿಗೂ ಇರುವ ಸಂಬಂಧವು ಸಾಮಾನ್ಯವಾಗಿ ಊಹಿಸುವಂತೆ ಇಲ್ಲ. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿ, ಕಾರವಾರವು ಜಿಲ್ಲೆಯ ಮುಖ್ಯಸ್ಥಾನವಾಗುವುದಕ್ಕೆ ಮುಂಚೆ ಈಗಿನ ಪೇಟೆಯಿದ್ದ ಜಾಗವು ಬೆಸ್ತರ ಹಳ್ಳಿಯಾಗಿತ್ತು. ಗುಡ್ಡದ ಮರೆಯಲ್ಲಿ ಹಡಗು ತಂಗುವ ಅನುಕೂಲವಿದ್ದುದರಿಂದಲೇ ಸರಕಾರದ ಕಣ್ಣು ಇತ್ತ ಬಿದ್ದಿತು. ಘಟ್ಟದ ಮೇಲಿನ ಹತ್ತಿಯನ್ನು ಇಲ್ಲಿಂದ ಹಡಗಿಗೆ ಏರಿಸಬೇಕೆಂಬ ಆಸೆ ಆ ಕಾಲದಲ್ಲಿ ಬಲವಾಗಿತ್ತು. ಅದಕ್ಕಾಗಿ ಘಟ್ಟದ ರಸ್ತೆಗಳಾದವು. ೧೮೮೦ರ ದಶಕದಲ್ಲಿ ರೈಲು ಮಾರ್ಮಗೋವೆಯ ಕಡೆಗೆ ಹೋದುದರಿಂದ ಆ ಆಸೆ ಕುಗ್ಗಿತು. ಹೀಗೆ ಕೇಂದ್ರವೆನ್ನಿಸಿಕೊಂಡದ್ದು ಹೊಸದು, ಅಂಚೆನ್ನಿಸಿಕೊಂಡದ್ದು ಹಳೆಯದು. ದಾರಿಯು ಬಂದರಿಗೆಂದು ಹುಟ್ಟಿ, ಕಾಲಾಂತರದಲ್ಲಿ ಬಂದರಿನವರು ಕಚೇರಿ, ಶಾಲೆ, ಸಂತೆ, ಆಸ್ಪತ್ರೆಗಳಿಗೆ ಹೋಗುವ ದಾರಿಯಾಯಿತು.

ಈ ದಾರಿಯಲ್ಲಿ ಹೋಗುವವನಿಗೆ ವಿಕಲ್ಪಗಳು ಹಲವು. ನಡೆದು ಹೋಗಬಹುದು; ಅಂಕೋಲೆಯ ಕಡೆಯಿಂದ ಬರುವ ಸರಕಾರಿ ಬಸ್ಸನ್ನು ಕಾಯಬಹುದು; ಟೆಂಪೋ ಹತ್ತಬಹುದು; ನಾಲ್ವರು ಸೇರಿ ಆಟೋರಿಕ್ಷಾ ಹಿಡಿಯಬಹುದು; ಸ್ವಂತದ ದ್ವಿಚಕ್ರವಿದ್ದರೆ ಅದನ್ನೇ ಓಡಿಸಬಹುದು. ೨೦೨೩ರ ಜೂನ್ ೧೧ರಿಂದ ರಾಜ್ಯದ ಸ್ತ್ರೀಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲವೆಂದಾದ ಮೇಲೆ, ಒಂದೇ ಮನೆಯಿಂದ ಹೊರಟ ಗಂಡನೂ ಹೆಂಡತಿಯೂ ಬೇರೆ ಬೇರೆ ಲೆಕ್ಕ ಹಾಕಿ ಬೇರೆ ಬೇರೆ ವಾಹನವನ್ನು ಆರಿಸಲು ಕಾರಣವುಂಟಾಗಿದೆ. ಕೊಂಕಣ ರೈಲುಮಾರ್ಗವು ೧೯೯೮ರ ಜನವರಿ ೨೬ರಂದು ಪೂರ್ಣವಾಗಿ ತೆರೆಯಿತಾದರೂ, ಕಾರವಾರದ ನಿಲ್ದಾಣವಿರುವುದು ಪೇಟೆಯ ಹೊರಗೆ, ಶಿರವಾಡದಲ್ಲಿ. ಆದಕಾರಣ ಬೈತಖೋಲದವನಿಗೆ ರೈಲು ಪೇಟೆಗೆ ಹೋಗುವ ಸಾಧನವಲ್ಲ. ಮುಂಬಯಿಗೆ ಹೋಗುವ ಸಾಧನ. ಈ ಕಡೆಯ ಮಾತು ಮುಂದೆ ಸಾಹಿತ್ಯದ ವಿಚಾರದಲ್ಲಿಯೂ ಉಪಯೋಗಕ್ಕೆ ಬರುತ್ತದೆ.

೩

ಪೂರ್ವಕವಿಗಳು ಪ್ರಯಾಣವನ್ನು ವರ್ಣಿಸಿದ ಬಗೆಯನ್ನು ಸ್ವಲ್ಪ ನೋಡುವುದು ಅವಶ್ಯ. ಮೇಘದೂತದ ಯಕ್ಷನು ಮೋಡಕ್ಕೆ ದಾರಿಯನ್ನು ಹೇಳುವಾಗ, ಸುತ್ತಾದರೂ ಉಜ್ಜಯಿನಿಯನ್ನು ನೋಡಿಯೇ ಹೋಗಬೇಕೆಂದು ಬೇಡುತ್ತಾನೆ. ಬೇಗ ತಲಪಬೇಕೆಂಬ ಆತುರವೂ ಸುತ್ತುದಾರಿಯ ಆಸೆಯೂ ಒಂದೇ ಮನಸ್ಸಿನಲ್ಲಿ ಸೇರಿರುವುದನ್ನು ಕಾಳಿದಾಸನು ದಾರಿಯ ಆಯ್ಕೆಯೊಂದರಿಂದಲೇ ತೋರಿಸಿದ್ದಾನೆ. ಮಾರ್ಗವಿಕಲ್ಪವು ಚಿತ್ತವೃತ್ತಿಯನ್ನು ತಿಳಿಸುವ ಅನುಭಾವವಾಗಬಲ್ಲುದು ಎಂಬುದಕ್ಕೆ ಇದಕ್ಕಿಂತ ಮೇಲಾದ ನಿದರ್ಶನ ಬೇಡ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನು ಪುಷ್ಪಕದಿಂದ ಕಡಲನ್ನೂ ತಾನು ಹಿಂದೆ ನಡೆದ ನೆಲವನ್ನೂ ಸೀತೆಗೆ ತೋರಿಸುತ್ತ ಮರಳುತ್ತಾನೆ. ಅದು ಮರಳುವಿಕೆಯೇ ಹೌದು. ಆದರೆ ಹದಿನಾಲ್ಕು ವರ್ಷಕ್ಕೊಮ್ಮೆ ಒದಗಿದ ಮರಳುವಿಕೆ. ಕನ್ನಡದಲ್ಲಿ ರಾಘವಾಂಕನ ಹರಿಶ್ಚಂದ್ರನು ಕಾಶಿಗೆ ನಡೆಯುವಾಗ ಬೆನ್ನು ಬಿಡದ ನಕ್ಷತ್ರಿಕನಿಂದ ಪಡುವ ಪಾಡಿನಲ್ಲಿ ದಾರಿಯ ಆಯಾಸವೂ ಸಾಲದ ಆಯಾಸವೂ ಬೇರ್ಪಡಿಸಲಾಗದಂತೆ ಬೆರೆತಿವೆ. ದಾರಿಯನ್ನು ಕಾಲಿನಿಂದ ಅಳೆದ ಕವಿ ಆತನು. ಆದರೂ ಅಲ್ಲಿ ನಡೆಯುವವನು ರಾಜ. ಸತ್ಯಪರೀಕ್ಷೆ ಮುಗಿದೊಡನೆ ನಡಿಗೆಯೂ ಮುಗಿಯುವುದು.

ಇನ್ನು ಕಾರವಾರದ ನೆಲವನ್ನೇ ಕುರಿತು ಬರೆದವರಲ್ಲಿ ರವೀಂದ್ರನಾಥ ಠಾಕೂರರು ಪ್ರಸಿದ್ಧರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ೧೮೮೩ರಲ್ಲಿ, ತರುಣ ಕವಿ ಬಂದು ತಂಗಿ ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ರಚಿಸಿದರು. ೧೯೧೨ರಲ್ಲಿ ಪ್ರಕಟವಾದ ‘ಜೀವನಸ್ಮೃತಿ’ಯಲ್ಲಿ, ಬೆಳದಿಂಗಳಲ್ಲಿ ದೋಣಿಯೇರಿ ಕಾಳೀನದಿಯ ಮೇಲೆ ಸಾಗಿದುದನ್ನೂ, ಹಿಂದಿರುಗುವಾಗ ನದಿಯ ಮುಖದಲ್ಲಿ ಇಳಿದು ಮರಳಿನ ಮೇಲೆ ಮನೆಗೆ ನಡೆದುದನ್ನೂ ನೆನೆದಿದ್ದಾರೆ. ಆ ವರ್ಣನೆಯ ಸೊಗಸು ನಿರ್ವಿವಾದ. ಆದರೆ ಅದು ವಿಹಾರ. ಅದೇ ನದೀಮುಖವನ್ನು ಹೊಟ್ಟೆಪಾಡಿಗಾಗಿ ದಿನವೂ ದಾಟುವವನಿಗೆ ಬೆಳದಿಂಗಳು ಆ ರೀತಿ ಕಾಣುವುದೆ, ಬೇರೆ ರೀತಿ ಕಾಣುವುದೆ ಎಂಬುದನ್ನು ಆ ಪುಟಗಳಿಂದ ಕೇಳುವುದು ನ್ಯಾಯವಲ್ಲ. ಕವಿ ಅತಿಥಿಯಾಗಿ ಬಂದಿದ್ದನು. ಅತಿಥಿಯ ಕಣ್ಣಿಗೆ ಎಲ್ಲವೂ ಪ್ರಥಮದರ್ಶನ.

ಆ ಪ್ರಶ್ನೆಯನ್ನು ಕೇಳಬೇಕಾದದ್ದು ಇಲ್ಲಿಯೇ ಹುಟ್ಟಿ ಬೆಳೆದ ಲೇಖಕರನ್ನು. ಉತ್ತರ ಕನ್ನಡದ ಕಡಲತಡಿಯು ಕನ್ನಡಕ್ಕೆ ಸಮರ್ಥ ಕಥೆಗಾರರನ್ನು ಕೊಟ್ಟಿದೆ. ಹನೇಹಳ್ಳಿಯ ಯಶವಂತ ಚಿತ್ತಾಲರು ೧೯೭೯ರ ‘ಶಿಕಾರಿ’ಯಲ್ಲಿ ಮುಂಬಯಿಯ ಒಳಗೆ ಸಿಕ್ಕಿಕೊಂಡ ಮನುಷ್ಯನ ಭಯವನ್ನು ಬಿಡಿಸಿದರು, ಗೋಕರ್ಣದ ಜಯಂತ ಕಾಯ್ಕಿಣಿಯವರು ಅದೇ ಮಹಾನಗರದ ರೈಲು, ಬಸ್ಸು, ಬೀದಿಗಳಲ್ಲಿ ಅಪರಿಚಿತರ ನಡುವೆ ಆಕಸ್ಮಿಕವಾಗಿ ಹುಟ್ಟುವ ಬಂಧುತ್ವವನ್ನು ಕಥೆಯಾಗಿಸಿದರು. ನಿತ್ಯಗತಾಗತವು ಕನ್ನಡ ಕಥೆಯಲ್ಲಿ ಗೌರವದ ಸ್ಥಾನವನ್ನು ಪಡೆದದ್ದು ಬಹುಮಟ್ಟಿಗೆ ಇಂಥ ಮುಂಬಯಿ ಕಥೆಗಳಿಂದಲೇ ಎಂದರೆ ಅತಿಶಯವಾಗದು. ಆದರೆ ಅಲ್ಲಿಯೂ ವಿಮರ್ಶಕನು ಒಂದು ಅಂಶವನ್ನು ಮರೆಯಬಾರದು. ಸಣ್ಣ ಊರಿನಿಂದ ಬಂದವನಿಗೆ ಮಹಾನಗರದ ಜನಸಂದಣಿಯು ತಾನೇ ಒಂದು ಅದ್ಭುತ. ನಿತ್ಯದ್ದಾದರೂ ಅದು ಅಪೂರ್ವದ ಬಣ್ಣವನ್ನು ಕಳೆದುಕೊಳ್ಳುವುದಿಲ್ಲ. ಹೊರಟ ಊರಿನ ಸಣ್ಣ ದಾರಿಗೆ ಆ ಬಣ್ಣದ ನೆರವಿಲ್ಲ. ಆದುದರಿಂದ ಅದು ನೆನಪಿನ ವಸ್ತುವಾಗಿ ಬರುತ್ತದೆ. ಈ ಹೊತ್ತು ಎಂಟು ಗಂಟೆಗೆ ಹಿಡಿಯಬೇಕಾದ ದಾರಿಯಾಗಿ ಬರುವುದು ವಿರಳ. ಶಿರವಾಡದ ರೈಲಿನಂತೆ ಸಾಹಿತ್ಯವೂ ಮುಂಬಯಿಗೆ ಬೇಗ ಮುಟ್ಟಿತು, ಪೇಟೆಗೆ ಮುಟ್ಟಲು ತಡಮಾಡಿತು.

ಹತ್ತಿರದ ದಾರಿಯನ್ನು ನೋಡುವ ಕಣ್ಣು ಕನ್ನಡದಲ್ಲಿ ಇಲ್ಲವೆಂದು ಇದರ ಅರ್ಥವಲ್ಲ. ೧೯೬೭ರಲ್ಲಿ ಪ್ರಕಟವಾದ ಕುವೆಂಪುರವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ನಾಯಿಗುತ್ತಿಯು ಮನೆಯಿಂದ ಮನೆಗೆ, ಹಳ್ಳಿಯಿಂದ ಹಳ್ಳಿಗೆ ನಡೆಯುವ ಕಾಡುದಾರಿಗಳು ಮಹಾಕಾವ್ಯದ ಪ್ರಯಾಣಗಳಷ್ಟೇ ಸಾವಧಾನದಿಂದ ವರ್ಣಿತವಾಗಿವೆ. ಮಲೆನಾಡಿಗೆ ಬೈಸಿಕಲ್ಲು ಬಂದಾಗಿನ ವಿಸ್ಮಯವೂ ಅಲ್ಲಿದೆ. ನಡೆಯುವವನು ಆಳು, ಅವನ ನಡಿಗೆಯೂ ಎಣಿಕೆಗೆ ಬಂದಿದೆ. ಮಲೆಗೆ ಆದದ್ದು ಕಡಲತಡಿಗೂ ಆಗಬಹುದೆಂಬುದಕ್ಕೆ ಇದೇ ಪ್ರಮಾಣ.

೪

ಇಲ್ಲಿ ಪೂರ್ವಪಕ್ಷವು ಹೀಗೆ ಎದ್ದೀತು: ನಿತ್ಯದ ಓಡಾಟದಲ್ಲಿ ರಸವಿಲ್ಲ. ರಸಕ್ಕೆ ಸ್ಥಾಯಿಭಾವ ಬೇಕು. ಟೆಂಪೋ ಕಾಯುವವನಲ್ಲಿ ಯಾವ ಸ್ಥಾಯಿಯಿದೆ? ಅಲ್ಲದೆ ಪುನರಾವೃತ್ತಿಯು ಕಾವ್ಯಕ್ಕೆ ದೋಷ. ನಿನ್ನೆಯಂತೆ ಇಂದೂ ಹೋದನು, ಇಂದಿನಂತೆ ನಾಳೆಯೂ ಹೋಗುವನು ಎಂಬಲ್ಲಿ ಇತಿವೃತ್ತವೇ ಹುಟ್ಟದು. ಭಾಮಹನು ಸೂರ್ಯಾಸ್ತವನ್ನೂ ಚಂದ್ರನ ಹೊಳಪನ್ನೂ ಹಕ್ಕಿಗಳು ಗೂಡಿಗೆ ಮರಳುವುದನ್ನೂ ಹೇಳುವ ಒಂದು ವಾಕ್ಯವನ್ನು ಎತ್ತಿಕೊಂಡು, ಇದೂ ಒಂದು ಕಾವ್ಯವೆ, ಇದು ಬರಿಯ ವಾರ್ತೆ ಎಂದು ತಳ್ಳಿಹಾಕಿಲ್ಲವೆ?

ಈ ಪೂರ್ವಪಕ್ಷಕ್ಕೆ ಉತ್ತರವು ಶಾಸ್ತ್ರದಲ್ಲಿಯೇ ಇದೆ. ಮೊದಲನೆಯದಾಗಿ, ಭರತನು ಮೂವತ್ತಮೂರು ಸಂಚಾರಿಭಾವಗಳನ್ನು ಹೇಳುವಾಗ ಶ್ರಮವೆಂಬುದನ್ನೂ ಒಂದಾಗಿ ಎಣಿಸಿ, ಅದಕ್ಕೆ ದಾರಿ ನಡೆಯುವುದನ್ನು ವಿಭಾವವಾಗಿ ಹೇಳಿದ್ದಾನೆ. ದಾರಿಯು ಭಾವಕಾರಣವೆಂಬುದು ಹೀಗೆ ಆಚಾರ್ಯಸಮ್ಮತ. ಶ್ರಮದ ನೆರೆಯಲ್ಲಿ ಚಿಂತೆ, ಔತ್ಸುಕ್ಯ, ಆವೇಗ, ದೈನ್ಯ, ಧೃತಿಗಳಿವೆ. ಬಸ್ಸಿಗಾಗಿ ನಿಂತವರ ಸಾಲನ್ನು ನೋಡಿದರೆ ಇವುಗಳಲ್ಲಿ ಯಾವುದು ಅಲ್ಲಿಲ್ಲ? ಸಂಚಾರಿಗಳು ಸ್ಥಾಯಿಯನ್ನು ಆಶ್ರಯಿಸಿ ಬಂದುಹೋಗುವ ಭಾವಗಳು. ಸ್ಥಾಯಿಯಿರುವುದು ಮನೆಯಲ್ಲಿ: ಮಕ್ಕಳ ಮೇಲಿನ ವಾತ್ಸಲ್ಯ, ರೋಗಿಯಾದ ತಂದೆಯ ಚಿಂತೆಯಲ್ಲಿ ಅಡಗಿದ ಶೋಕ, ಕೆಲಸ ಸಿಕ್ಕೀತೆಂಬ ಉತ್ಸಾಹ. ದಾರಿಯ ಭಾವಗಳು ಅದರ ಮೇಲೆ ತೆರೆಗಳಂತೆ ಏಳುತ್ತವೆ, ಅಡಗುತ್ತವೆ. ಸಂಚಾರವನ್ನು ವರ್ಣಿಸುವವನು ಸಂಚಾರಿಭಾವಗಳ ಕವಿಯಾಗಬೇಕಾದದ್ದು ಸಹಜವೇ. ಸ್ಥಾಯಿಯನ್ನು ದಾರಿಯಲ್ಲಿ ಹುಡುಕಿ, ಸಿಕ್ಕಲಿಲ್ಲವೆಂದು ವಸ್ತುವನ್ನೇ ಬಿಡುವುದು ಪೂರ್ವಪಕ್ಷಿಯ ತಪ್ಪು.

ಎರಡನೆಯದಾಗಿ, ಭಾಮಹನು ವಾರ್ತೆಯೆಂದು ಬಿಟ್ಟದ್ದನ್ನೇ ಧ್ವನಿವಾದಿಗಳು ಎತ್ತಿಕೊಂಡರು. ಸೂರ್ಯನು ಮುಳುಗಿದನೆಂಬ ಒಂದೇ ವಾಕ್ಯವು ಕೇಳಿದವರ ಭೇದದಿಂದ ಹಲವು ಅರ್ಥಗಳನ್ನು ಸೂಚಿಸುವುದೆಂದು ಮಮ್ಮಟನು ಕಾವ್ಯಪ್ರಕಾಶದ ಐದನೆಯ ಉಲ್ಲಾಸದಲ್ಲಿ ತೋರಿಸಿದ್ದಾನೆ: ದನ ಕಾಯುವವನಿಗೆ ಒಂದು, ಕೆಲಸ ನಿಲ್ಲಿಸುವವನಿಗೆ ಒಂದು, ಪ್ರಿಯನನ್ನು ಕಾಯುವವಳಿಗೆ ಮತ್ತೊಂದು. ವಾಚ್ಯಾರ್ಥವು ಎಲ್ಲರಿಗೂ ಸಮಾನ. ವ್ಯಂಗ್ಯವು ಒಬ್ಬೊಬ್ಬರಿಗೆ ಒಂದೊಂದು.

ಈ ನ್ಯಾಯವನ್ನು ಬೈತಖೋಲದಲ್ಲಿ ಪ್ರಯೋಗಿಸಿ ನೋಡಬಹುದು. ‘ಬಸ್ಸು ಹೋಯಿತು’ ಎಂದು ಒಬ್ಬನು ಹೇಳಿದನೆನ್ನೋಣ. ವಾಕ್ಯವು ಅತ್ಯಂತ ಶುಷ್ಕ. ಕರ್ತೃ ಕ್ರಿಯೆಗಳ ಹೊರತು ಅದರಲ್ಲಿ ಏನೂ ಇಲ್ಲ. ಬುಟ್ಟಿಯಲ್ಲಿ ಮೀನು ತುಂಬಿಕೊಂಡು ನಿಂತ ಹೆಂಗಸಿಗೆ ಅದರ ಅರ್ಥ, ಸಂತೆಯಲ್ಲಿ ಮೊದಲ ಗಿರಾಕಿ ಬೇರೆಯವಳ ಪಾಲಾಯಿತು, ಬಿಸಿಲೇರಿದರೆ ಮೀನಿನ ಬೆಲೆ ಇಳಿಯಿತು ಎಂದು. ಪರೀಕ್ಷೆಗೆ ಹೊರಟ ವಿದ್ಯಾರ್ಥಿಗೆ ಅದರ ಅರ್ಥ ಬೇರೆ. ಜಿಲ್ಲಾ ಆಸ್ಪತ್ರೆಗೆ ಮುದುಕಿಯನ್ನು ಕರೆದೊಯ್ಯುವ ಮಗನಿಗೆ, ಆಟೋರಿಕ್ಷಾಕ್ಕೆ ಕೊಡಬೇಕಾದ ಹಣವು ಔಷಧದ ಹಣದಿಂದ ಹೋಯಿತು ಎಂದು. ಕಚೇರಿಯ ಗುಮಾಸ್ತನಿಗೆ ಮೇಲಧಿಕಾರಿಯ ಮುಖ ಕಾಣುವುದು. ಆಟೋರಿಕ್ಷಾದ ಚಾಲಕನಿಗೆ ಮಾತ್ರ ಅದೇ ವಾಕ್ಯವು ಶುಭವಾರ್ತೆ. ಪೇಟೆಗೆ ಹೋಗಲು ಮನಸ್ಸಿಲ್ಲದೆ ಹೊರಟ ಹುಡುಗನೊಬ್ಬನಿದ್ದರೆ ಅವನಿಗೂ ಶುಭವೇ. ಎರಡು ಪದಗಳ ವಾರ್ತೆಯು ಆರು ಮನೆಗಳ ಒಳಗನ್ನು ತೆರೆದು ತೋರಿಸಬಲ್ಲುದಾದರೆ, ಅದು ಕಾವ್ಯವಸ್ತುವಲ್ಲವೆನ್ನುವುದು ಹೇಗೆ? ವಾಹನಗಳ ವಿಕಲ್ಪವೆಂಬುದು ಕೇವಲ ಅನುಕೂಲದ ಲೆಕ್ಕವಲ್ಲ. ಯಾರು ಯಾವುದನ್ನು ಆರಿಸಿದರು, ಯಾರಿಗೆ ಆರಿಸಲು ಏನೂ ಉಳಿಯಲಿಲ್ಲ ಎಂಬುದೇ ಕಥೆ. ಯಕ್ಷನಿಗೆ ಸುತ್ತುದಾರಿಯು ಆಸೆಯನ್ನು ತೋರಿಸಿತು. ಇಲ್ಲಿ ಕಾಲ್ನಡಿಗೆಯು ಕೈಯಲ್ಲಿನ ಹಣವನ್ನು ತೋರಿಸುತ್ತದೆ.

ಮೂರನೆಯದಾಗಿ, ಪುನರಾವೃತ್ತಿಯ ಆಕ್ಷೇಪ. ಋತುವರ್ಣನೆಯೂ ಪುನರಾವೃತ್ತಿಯೇ, ವಸಂತವು ವರ್ಷವರ್ಷವೂ ಬರುವುದೆಂದು ಅದನ್ನು ಯಾರೂ ಬಿಟ್ಟಿಲ್ಲ. ಬೈತಖೋಲದ ದಾರಿಗೂ ಋತುಗಳಿವೆ. ಜೂನ್ ೧ರಿಂದ ಜುಲೈ ೩೧ರ ವರೆಗೆ ಅರವತ್ತೊಂದು ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ; ಆಗ ದಾರಿಯಲ್ಲಿ ಮೀನಿನ ಬುಟ್ಟಿಗಳು ಕಡಮೆಯಾಗಿ, ಅದೇ ಕಾಲಕ್ಕೆ ಶಾಲೆಗಳು ತೆರೆದು ಪುಸ್ತಕದ ಚೀಲಗಳು ಹೆಚ್ಚುತ್ತವೆ. ಒಂದು ಭಾರ ಇಳಿದು ಇನ್ನೊಂದು ಏರುವ ಈ ಮಳೆಗಾಲವನ್ನು ಪ್ರಾಚೀನರ ವರ್ಷಾವರ್ಣನೆಯ ಪಕ್ಕದಲ್ಲಿ ಇಡಲು ಸಂಕೋಚಪಡಬೇಕಾಗಿಲ್ಲ.

೫

ವಸ್ತುವು ಅರ್ಹವೆಂದಾದ ಮೇಲೆ ರೂಪದ ವಿಚಾರ. ಇಲ್ಲಿ ಜಿಲ್ಲೆಯ ಎರಡು ಸಂಪ್ರದಾಯಗಳು ನೆರವಾಗುತ್ತವೆ. ಯಕ್ಷಗಾನದಲ್ಲಿ ಪ್ರಯಾಣವನ್ನು ತೋರಿಸಲು ವೇಷಧಾರಿಯು ಪ್ರಯಾಣಕುಣಿತದಿಂದ ರಂಗವನ್ನು ಸುತ್ತುತ್ತಾನೆ. ಭರತನು ಹೇಳಿದ ಪರಿಕ್ರಮದ ನ್ಯಾಯವೇ ಅದು. ಎಷ್ಟು ದೂರ ಹೋದನೆಂದು ಪ್ರೇಕ್ಷಕನು ಒಪ್ಪಿದರೂ, ನಟನ ಪಾದವು ಹೊರಟ ಜಾಗಕ್ಕೇ ಬಂದಿರುತ್ತದೆ. ಗತಾಗತವನ್ನು ಒಂದೇ ವೃತ್ತದಲ್ಲಿ ಅಡಗಿಸುವ ಈ ಉಪಾಯವನ್ನು ಗದ್ಯಕಥೆಯು ಕಲಿಯಬೇಕಾಗಿದೆ. ಇನ್ನೊಂದು, ಅಂಕೋಲೆಯ ದಿನಕರ ದೇಸಾಯಿಯವರು ಪ್ರಸಿದ್ಧಿಗೆ ತಂದ ಚೌಪದಿ. ನಾಲ್ಕೇ ಸಾಲಿನಲ್ಲಿ ಹತ್ತಿ ಇಳಿಯುವ ಆ ಛಂದಸ್ಸಿನ ಪರಿಮಾಣಕ್ಕೂ, ಎರಡು ನಿಲ್ದಾಣಗಳ ನಡುವೆ ಮುಗಿಯುವ ಪಯಣದ ಪರಿಮಾಣಕ್ಕೂ ಸಹಜವಾದ ಹೊಂದಿಕೆಯಿದೆ. ದೀರ್ಘಪ್ರಯಾಣಕ್ಕೆ ಷಟ್ಪದಿಯು ಒದಗಿದಂತೆ ಹ್ರಸ್ವಪ್ರಯಾಣಕ್ಕೆ ಚೌಪದಿಯು ಒದಗೀತು.

ಈ ವಸ್ತುವನ್ನು ಬರೆಯದೆ ಬಿಟ್ಟರೆ ನಷ್ಟವೇನೆಂದು ಕೇಳುವವರಿಗೆ ಈ ಕರಾವಳಿಯ ಈಚಿನ ವೃತ್ತಾಂತವೇ ಉತ್ತರ ಹೇಳುತ್ತದೆ. ೧೯೮೬ರಲ್ಲಿ ಶಂಕುಸ್ಥಾಪನೆಯಾಗಿ ೨೦೦೫ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆಗಾಗಿ ಕಾರವಾರ ಅಂಕೋಲೆ ತಾಲ್ಲೂಕುಗಳ ಹಳ್ಳಿಗಳು ನೆಲ ಬಿಟ್ಟುಕೊಟ್ಟವು. ಬಾಗಿಲು ತೆರೆದರೆ ಕಡಲಿದ್ದ ಬೆಸ್ತರ ಮನೆಗಳು ಕಡಲಿನಿಂದ ದೂರಕ್ಕೆ ಸರಿದಾಗ, ಅವರಿಗೆ ಕಡಲೇ ದಿನವೂ ಹೋಗಿಬರಬೇಕಾದ ಊರಾಯಿತು. ರಾಷ್ಟ್ರೀಯ ಹೆದ್ದಾರಿ ೬೬ನ್ನು ಚತುಷ್ಪಥ ಮಾಡುವಾಗ ಕಡಲತಡಿಯಲ್ಲಿ ಮೇಲ್ಸೇತುವೆಯನ್ನು ಕಟ್ಟಿ, ಬಿಣಗೆಯ ಕಡೆಗೆ ಗುಡ್ಡವನ್ನು ಕೊರೆದು ಸುರಂಗ ಮಾಡಿದರು. ವಾಹನಕ್ಕೆ ದಾರಿ ಹತ್ತಿರವಾಯಿತು. ನಡೆಯುವವನಿಗೆ ಹಾಗಾಯಿತೆ ಎಂಬ ಪ್ರಶ್ನೆ ಬೇರೆ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು, ದಾರಿಬದಿಯಲ್ಲಿ ಚಹಾ ಕುಡಿಯಲು ನಿಂತವರನ್ನೂ ಚಹಾ ಮಾರುತ್ತಿದ್ದವರನ್ನೂ ಒಯ್ದಿತು. ಆಗಸ್ಟ್ ೭ರ ಬೆಳಗಿನ ಜಾವ ಕಾಳೀನದಿಯ ಹಳೆಯ ಸೇತುವೆ ಮುರಿದು ಬಿದ್ದಿತು. ಆ ದಿನಗಳಲ್ಲಿ ಈ ದಾರಿಗಳ ಹೆಸರು ನಾಡಿನ ಬಾಯಲ್ಲೆಲ್ಲ ಬಂದಿತು. ದಾರಿಯು ಮುರಿದಾಗ ಮಾತ್ರ ವರ್ಣನೆಗೆ ವಿಷಯವಾಗುವುದೆಂಬುದು ಪತ್ರಿಕೆಗೆ ಒಪ್ಪೀತು. ಸಾಹಿತ್ಯಕ್ಕೆ ಅದು ಒಪ್ಪತಕ್ಕದ್ದಲ್ಲ. ಮುರಿಯುವ ಮುನ್ನಾ ದಿನ ಅಲ್ಲಿ ಹಾದುಹೋದವರು ಏನನ್ನು ಹೊತ್ತಿದ್ದರು, ಯಾರನ್ನು ನೆನೆಯುತ್ತಿದ್ದರು ಎಂಬುದನ್ನು ಬಲ್ಲವರಿಗಷ್ಟೆ ಮುರಿದದ್ದರ ತೂಕ ತಿಳಿಯುವುದು. ಕರುಣಕ್ಕೆ ಆಲಂಬನವು ಮೊದಲೇ ಪರಿಚಿತವಾಗಿರಬೇಕೆಂಬ ನಿಯಮವು ನಾಟಕಕ್ಕೆ ಹೇಗೋ ಊರಿಗೂ ಹಾಗೆಯೇ.

ಅಧ್ಯಾಪಕರಿಗೆ ಇದರಲ್ಲಿ ವಿಶೇಷವಾದ ಹೊಣೆಯುಂಟು. ‘ನಾನು ಕೈಕೊಂಡ ಪ್ರವಾಸ’ ಎಂಬ ಪ್ರಬಂಧವನ್ನು ಬರೆಯಿರೆಂದರೆ ಬಾಲಕನು ಜೋಗವನ್ನೋ ಹಂಪೆಯನ್ನೋ ಬರೆಯುತ್ತಾನೆ. ನೋಡದೆ ಇದ್ದರೂ ಬರೆಯುತ್ತಾನೆ. ಆ ಬೆಳಗ್ಗೆ ತಾನು ಶಾಲೆಗೆ ಬಂದ ದಾರಿಯು ಪ್ರಬಂಧಕ್ಕೆ ಸಲ್ಲದೆಂದು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಆದರೂ ಅವನು ಅದನ್ನು ಬಲ್ಲ. ಬೈತಖೋಲದಂಥ ಕಡೆ ಇದು ಇನ್ನೂ ಸೂಕ್ಷ್ಮ. ಮನೆಯಲ್ಲಿ ಕೊಂಕಣಿ, ಶಾಲೆ ಕಚೇರಿಗಳಲ್ಲಿ ಕನ್ನಡ. ಎರಡರ ನಡುವಣ ದಾರಿಯಲ್ಲಿಯೇ ಮಗುವು ದಿನವೂ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಆ ದಾಟುವಿಕೆಗೆ ಕನ್ನಡದಲ್ಲಿ ಮಾತು ದೊರೆಯದಿದ್ದರೆ, ಕನ್ನಡವು ಆ ಮಗುವಿಗೆ ತಲಪುವ ಊರಿನ ಭಾಷೆಯಾಗಿ ಮಾತ್ರ ಉಳಿದು, ದಾರಿಯ ಭಾಷೆಯಾಗುವುದಿಲ್ಲ.

ದೊರೆತ ಕನ್ನಡ ಗ್ರಂಥಗಳಲ್ಲಿ ಆದ್ಯವಾದುದರ ಹೆಸರೇ ‘ಕವಿರಾಜಮಾರ್ಗ’. ಕಾವ್ಯಶೈಲಿಯನ್ನು ದಂಡಿಯು ಮಾರ್ಗವೆಂದನು, ವಾಮನನು ರೀತಿಯೆಂದನು, ಕುಂತಕನು ಕವಿಗಳ ಪ್ರಸ್ಥಾನಕ್ಕೆ ಕಾರಣವಾದವುಗಳನ್ನು ಮತ್ತೆ ಮಾರ್ಗಗಳೆಂದೇ ಕರೆದನು. ಶೈಲಿಗೆ ದಾರಿಯ ಹೆಸರನ್ನು ಕೊಟ್ಟ ಶಾಸ್ತ್ರವು ದಾರಿಗೆ ಶೈಲಿಯನ್ನು ಕೊಡಲು ಅಸಮರ್ಥವಾಗಲಾರದು. ಭಾಷೆಯೂ ಸಿದ್ಧವಾಗಿಯೇ ಇದೆ. ಮನೆಯಿಂದ ಹೊರಡುವ ಕನ್ನಡಿಗನು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ಕೊಂಕಣಿಯವನು ಹೋಗುವ ಮಾತನ್ನೇ ಬಿಟ್ಟು ‘ಯೆತಾಂ’ ಎಂದಷ್ಟೇ ಹೇಳಿ ಹೊಸ್ತಿಲು ದಾಟುತ್ತಾನೆ. ಗತವೂ ಆಗತವೂ ಒಂದೇ ಕ್ರಿಯೆಯೆಂಬ ತಿಳಿವಳಿಕೆಯು ಎರಡು ಭಾಷೆಗಳ ಬಾಗಿಲಲ್ಲಿಯೂ ನಿತ್ಯ ಕೇಳಿಬರುತ್ತಿರಲು, ಪ್ರಯಾಣದ ಲಕ್ಷಣವನ್ನು ಹೇಳುವ ಮುಂದಿನ ಲಾಕ್ಷಣಿಕನು ಅದನ್ನು ಎಣಿಕೆಗೆ ಸೇರಿಸಿಕೊಳ್ಳುವುದು ಯುಕ್ತವಾಗಿರುತ್ತದೆ.